ನೆಗಡಿ ಮಾತ್ರೆ ನುಂಗಿ ಲಾರಿ ಓಡಿಸಿದರೆ ಏನೂ ಆಗಲ್ವಾ?

"ನಿದ್ದೆ ಮಾತ್ರೆ ಒಂದು ಬಿಟ್ಟು ಬೇರೆ ಯಾವುದು ನುಂಗಿದರೂ ಲಾರಿ ಓಡಿಸಬಹುದು, ತೂಕಡಿಕೆ ಬಂದರೆ ಕಾಫಿ ಸಾಕು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

ಡಾಕ್ಟರ್ ಚೀಟಿ ಇಲ್ಲದೆ ಸಿಗುವ ನೆಗಡಿ, ಅಲರ್ಜಿ ಮಾತ್ರೆಗಳನ್ನೇ ನೋಡಿ. ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್ ಥರದ ಹಳೇ ಔಷಧಿಗಳು ಮೆದುಳನ್ನೇ ಮಂಕು ಮಾಡುತ್ತವೆ. ಅಮೆರಿಕದ ಅಯೋವಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಸಿಮ್ಯುಲೇಟರ್ (ರಸ್ತೆಗಿಳಿಯದೆ ಡ್ರೈವಿಂಗ್ ಮಾಡಿಸುವ ಯಂತ್ರ) ಪರೀಕ್ಷೆಯಲ್ಲಿ, ಡೈಫೆನ್‌ಹೈಡ್ರಮೈನ್ ನುಂಗಿದವರ ಡ್ರೈವಿಂಗ್ ಕುಡಿದವರಿಗಿಂತ ಕೆಟ್ಟದಾಗಿತ್ತು. ಹೊಸ ಔಷಧಿ ಫೆಕ್ಸೊಫೆನಡೈನ್‌ನಿಂದ ಆ ತೊಂದರೆ ಕಾಣಲಿಲ್ಲ. ಇನ್ನೊಂದು ವಿಷಯ, ಎಷ್ಟು ನಿದ್ದೆ ಬರುತ್ತಿದೆ ಅನ್ನೋದರಿಂದ ಡ್ರೈವಿಂಗ್ ಎಷ್ಟು ಕೆಟ್ಟಿದೆ ಅಂತ ಹೇಳಕ್ಕಾಗಲಿಲ್ಲ. "ನನಗೆ ನಿದ್ದೆ ಬರ್ತಿಲ್ಲ, ಸರಿ ಇದ್ದೀನಿ" ಅನ್ನೋ ಧೈರ್ಯ ಇಲ್ಲಿ ಸುಮ್ನೆ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತೋದು ಒಂದು ಸೆಕೆಂಡ್ ತಡವಾದರೂ ಲಾರಿ 22 ಮೀಟರ್ ಮುಂದೆ ಹೋಗಿರುತ್ತೆ. ಲೋಡ್ ಬೇರೆ ಇದೆ ಅಲ್ವಾ?

ನಿದ್ದೆ ಮಾತ್ರೆಯೂ ರಾತ್ರಿಗೇ ಮುಗಿಯಲ್ಲ. ಜೋಲ್‌ಪಿಡೆಮ್ ಬೆಳಗ್ಗೆಯೂ ರಕ್ತದಲ್ಲಿ ಉಳಿಯಬಹುದು. ಕಾಫಿ ತೂಕಡಿಕೆಯನ್ನು ಸ್ವಲ್ಪ ಹೊತ್ತು ತಡೆದೀತು, ಔಷಧಿಯನ್ನು ಮೈಯಿಂದ ಹೊರಗೆ ಹಾಕಲ್ಲ.

ಹಾಗಂತ ಬಿಪಿ, ಶುಗರ್ ಮಾತ್ರೆ ನೀವೇ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಲಾರಿ ಓಡಿಸ್ತೀನಿ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಬೇರೆ ಮಾತ್ರೆ ಇದ್ದರೆ ಬರೆದುಕೊಡುತ್ತಾರೆ.