ಯಂತ್ರಕ್ಕಿಂತ ರದ್ದಿಗೇ ಬೆಲೆ ಹೆಚ್ಚು

ಅಟ್ಟದ ಮೇಲೆ ಹಳೆಯ ಕಂಪ್ಯೂಟರೊಂದು ಸಿಕ್ಕಿತೆಂದರೆ ನಮ್ಮ ರಾಯಚೂರಿನಲ್ಲಿ ಎಲ್ಲರೂ ಮೊದಲು ಕೇಳುವುದು "ಚಾಲೂ ಆಗ್ತದೇನ್ರಿ?" ಎಂದು. ಅದರ ಜೊತೆಗಿದ್ದ ಪತ್ರಿಕೆಗಳ ಕಟ್ಟನ್ನು ಯಾರೂ ವಿಚಾರಿಸುವುದಿಲ್ಲ. ಕಾಕಾ ಅವರ ಟ್ರಂಕಿನಿಂದ ಇವೆರಡೂ ಹೊರಬಂದ ಮೇಲೆ, ಉಳಿಸಿಕೊಳ್ಳಬೇಕಾದದ್ದು ಮೊದಲು ಕಾಗದ, ಆಮೇಲೆ ಯಂತ್ರ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿದೆ.

ಯಂತ್ರವೇನೂ ಸಾಮಾನ್ಯದ್ದಲ್ಲ. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1982ರಲ್ಲಿ ಹೊರತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಅದು. 48 ಕೆಬಿ ಮೆಮೊರಿ, 3.5 ಮೆಗಾಹರ್ಟ್ಸ್ ವೇಗದ ಝಡ್80 ಪ್ರೊಸೆಸರ್, ರಬ್ಬರಿನ ಕೀಲಿಗಳು. ದುಬೈನಲ್ಲಿದ್ದ ಬಂಧುವೊಬ್ಬರು ಕಾಕಾ ಅವರಿಗೆ ತಂದುಕೊಟ್ಟದ್ದು. ಮನೆಯ ಟಿವಿಯೇ ಅದರ ಪರದೆ, ಹಾಡು ಕೇಳುವ ಟೇಪ್ ರೆಕಾರ್ಡರೇ ಅದರ ಪ್ರೋಗ್ರಾಮುಗಳ ಕಣಜ. 'ಜೆ' ಕೀಲಿಯನ್ನು ಒತ್ತಿದರೆ 'ಲೋಡ್' ಎಂಬ ಇಡೀ ಪದವೇ ಮೂಡುತ್ತಿತ್ತು. ಕ್ಯಾಸೆಟ್ ತಿರುಗತೊಡಗಿದಾಗ ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಓಡುತ್ತಿದ್ದವು. ಮೆಮೊರಿ ತುಂಬಲು ಸುಮಾರು ಐದು ನಿಮಿಷ ಹಿಡಿಯುತ್ತಿತ್ತು, ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಶಕ್ತಿನಗರದ ವಿದ್ಯುತ್ ಕೇಂದ್ರವನ್ನು ಪಕ್ಕದಲ್ಲೇ ಇಟ್ಟುಕೊಂಡಿರುವ ನಮಗೆ ಆ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಂಥ ಯಂತ್ರಗಳು ಜಗತ್ತಿನಲ್ಲಿ ಲಕ್ಷಗಟ್ಟಲೆ ಮಾರಾಟವಾಗಿವೆ. ಅದರ ನಡೆಯನ್ನು ಹಾಗೆಯೇ ಅನುಕರಿಸುವ ಎಮ್ಯುಲೇಟರ್ ಇಂದು ಮೊಬೈಲಿನಲ್ಲೇ ಓಡುತ್ತದೆ. ಕಾಕಾ ಅವರ ಕೈಬರಹವಿರುವ ಪತ್ರಿಕೆಗಳಿಗೆ ಮಾತ್ರ ಅಂಥ ಎರಡನೆಯ ಪ್ರತಿ ಇಲ್ಲ. ಹೈದರಾಬಾದಿಗೆ ಹೋದಾಗಲೆಲ್ಲ ಆಬಿಡ್ಸ್‌ನಲ್ಲಿ ಭಾನುವಾರ ಹರಡುವ ಹಳೆಯ ಪುಸ್ತಕಗಳ ಸಾಲಿನಿಂದ ಅವರು ಆರಿಸಿ ತಂದ, ಸಿಂಕ್ಲೇರ್ ಯಂತ್ರಗಳ ಬಳಕೆದಾರರಿಗೆಂದು ಬರುತ್ತಿದ್ದ 'ಸಿಂಕ್ಲೇರ್ ಯೂಸರ್' ಪತ್ರಿಕೆಯ ಸಂಚಿಕೆಗಳವು. ಆ ಕಾಲದಲ್ಲಿ ಪ್ರೋಗ್ರಾಮುಗಳನ್ನು ಪುಟಗಟ್ಟಲೆ ಅಚ್ಚು ಹಾಕುತ್ತಿದ್ದರು. ಓದುಗರು ಅವನ್ನು ಸಾಲು ಸಾಲಾಗಿ ಟೈಪ್ ಮಾಡಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೂ ಅದು ನಡೆಯುತ್ತಿರಲಿಲ್ಲ, ಅಚ್ಚಿನಲ್ಲೇ ತಪ್ಪಿದ್ದರೆ ಅದನ್ನು ಓದುಗನೇ ಹುಡುಕಬೇಕು. ಕಾಕಾ ಹುಡುಕಿ ಪೆನ್ಸಿಲಿನಲ್ಲಿ ತಿದ್ದಿದ್ದಾರೆ.

ಅದಕ್ಕಿಂತ ಮಿಗಿಲಾದದ್ದು ಒಂದು ಸಂಚಿಕೆಯ ಹಿಂಬದಿಯ ಪುಟದಲ್ಲಿದೆ. ಊರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅವರು, ಹತ್ತಿಯ ತೂಕ ಮತ್ತು ಕ್ವಿಂಟಲ್ ದರವನ್ನು ಕೊಟ್ಟರೆ ಹಮಾಲಿ, ದಲಾಲಿಗಳನ್ನು ಕಳೆದು ರೈತನ ಕೈಗೆ ಬರುವ ಮೊತ್ತವನ್ನು ತೋರಿಸುವ ಪುಟ್ಟದೊಂದು ಪ್ರೋಗ್ರಾಮನ್ನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತಾವೇ ಬರೆದಿದ್ದಾರೆ. ಹಮಾಲಿಗೆ 'ಎಚ್', ದಲಾಲಿಗೆ 'ಡಿ'. ಕಲಿಸುವವರಿಲ್ಲದ ಊರಿನಲ್ಲಿ, ಆಟವಾಡಲೆಂದು ಬಂದ ಯಂತ್ರಕ್ಕೆ ಗಂಜಿನ ಲೆಕ್ಕವನ್ನು ಒಪ್ಪಿಸಿದ ಆ ಪುಟವನ್ನು ಲಂಡನ್ನಿನ ಯಾವ ಸಂಗ್ರಾಹಕನೂ ಸ್ಕ್ಯಾನ್ ಮಾಡಿಟ್ಟಿಲ್ಲ. ಮನೆಯವರು ಅದನ್ನು ರದ್ದಿಯ ತಕ್ಕಡಿಗೆ ಹಾಕುವವರಿದ್ದರು!

ಯಂತ್ರಕ್ಕೆ ಸದ್ಯ ಕರೆಂಟು ಕೊಡುತ್ತಿಲ್ಲ. ಸ್ಪೆಕ್ಟ್ರಮ್‌ನ 9 ವೋಲ್ಟ್ ಅಡಾಪ್ಟರಿನ ಪಿನ್ನಿನಲ್ಲಿ ನಡುವೆ ಋಣ, ಹೊರಗೆ ಧನ. ಇಂದು ಅಂಗಡಿಯಲ್ಲಿ ಸಿಗುವವು ಸಾಮಾನ್ಯವಾಗಿ ಇದಕ್ಕೆ ಉಲ್ಟಾ, ತೊಡಿಸಿದರೆ ಒಳಗಿನ ಚಿಪ್ಪುಗಳು ಸುಡಬಹುದು. ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್‌ಗಳೂ ವಯಸ್ಸಾಗಿ ಒಣಗಿರುತ್ತವೆ. ಕೀಲಿಮಣೆಯ ಪ್ಲಾಸ್ಟಿಕ್ ಪಟ್ಟಿಯಂತೂ 40 ಡಿಗ್ರಿ ದಾಟುವ ನಮ್ಮ ಬೇಸಿಗೆಗಳಲ್ಲಿ ಬೆಂದು, ಮುಟ್ಟಿದರೆ ಮುರಿಯುವಂತಾಗಿದೆ. ಇವೆಲ್ಲಕ್ಕೂ ಬದಲಿ ಭಾಗಗಳು ಸಿಗುತ್ತವೆ, ಆದ್ದರಿಂದ ಅವಸರವಿಲ್ಲ. ಗೆದ್ದಲಿಗೆ ಮಾತ್ರ ಅಷ್ಟು ತಾಳ್ಮೆಯಿಲ್ಲ. ಕಟ್ಟಿನ ಕೆಳಗಿನ ಸಂಚಿಕೆಗಳ ಅಂಚನ್ನು ಅದು ಈಗಾಗಲೇ ರುಚಿ ನೋಡಿದೆ. ಹೀಗಾಗಿ ಪುಟಗಳ ಫೋಟೊ ತೆಗೆಯುವ ಕೆಲಸ ಮೊದಲು ನಡೆದಿದೆ, ಕ್ಯಾಸೆಟ್ಟುಗಳ ಧ್ವನಿಯನ್ನು ಫೈಲಿಗೆ ಇಳಿಸುವುದು ಆನಂತರ.

ನಗರದಲ್ಲೀಗ ಕೃಷಿ ವಿಶ್ವವಿದ್ಯಾಲಯವಿದೆ, 2019ರಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿಯೂ ಇದೆ. ಯಾವುದಾದರೂ ಗ್ರಂಥಾಲಯ ಒಂದು ಬೀರುವಿನ ಜಾಗ ಕೊಟ್ಟರೆ ಎಲ್ಲವನ್ನೂ ಒಪ್ಪಿಸಲು ಮನೆಯವರು ಒಪ್ಪಿದ್ದಾರೆ. ಶೋಕೇಸಿಗೆಂದು ಯಂತ್ರವನ್ನಷ್ಟೇ ಕೇಳುವವರಿಗೆ ಎರಡನ್ನೂ ಕೊಡುವುದಿಲ್ಲ.