ಆ ವಿಡಿಯೋದಲ್ಲಿ ನಾನು ಹೇಳಿದ್ದು ತಪ್ಪು

ಕಾರವಾರದಲ್ಲಿ ಕಳೆದ ಭಾನುವಾರ ಚರ್ಚ್‌ನಲ್ಲಿ ನಾನು ಮಾಡಿದ ಪ್ರಸಂಗದ (ಉಪದೇಶದ) ಒಂದು ವಿಡಿಯೋ ತುಣುಕು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂದು ಮೊದಲು ಹೇಳಿದ್ದು ಯೇಸು ಸ್ವಾಮಿ, ಯೇಸುವಿಗಿಂತ ಹಿಂದಿನ ಬೈಬಲ್ ಭಾಗವಾದ ಹಳೆ ಒಡಂಬಡಿಕೆಯಲ್ಲಿ ಈ ಮಾತಿಲ್ಲ ಎಂದಿದ್ದೇನೆ. ಅದು ತಪ್ಪು.

ಆ ಮಾತು ಹಳೆ ಒಡಂಬಡಿಕೆಯ ಯಾಜಕಕಾಂಡ 19:18ರಲ್ಲೇ ಇದೆ. ಹೊಸ ಒಡಂಬಡಿಕೆಯ ಮತ್ತಾಯ 22:39ರಲ್ಲಿ ಯೇಸು ಸ್ವಾಮಿ ಅದನ್ನೇ ಎತ್ತಿ ಹೇಳುತ್ತಾರೆ. ಲೂಕ 10ರಲ್ಲಂತೂ ಅದನ್ನು ಹೇಳುವವನು ಒಬ್ಬ ಧರ್ಮೋಪದೇಶಕ. ‘ನೀನು ಸರಿಯಾಗಿ ಹೇಳಿದೆ’ ಎನ್ನುತ್ತಾರೆ ಸ್ವಾಮಿ. ‘ನನ್ನ ನೆರೆಯವನು ಯಾರು?’ ಎಂದು ಅವನು ಮತ್ತೆ ಕೇಳಿದಾಗಲೇ ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಕಾಪಾಡಿದ ಸಮಾರ್ಯದವನ ಕಥೆ ಬರುವುದು.

ಆ ತುಣುಕಿನ ಕೆಳಗೆ ‘ನೆರೆಯವನೆಂದರೆ ನಮ್ಮ ಸಭೆಯವನು (ಚರ್ಚಿನವನು) ಮಾತ್ರ’ ಎಂಬ ಸಾಲೂ ಸೇರಿಕೊಂಡಿದೆ. ಅದು ನನ್ನ ಮಾತಲ್ಲ. ಇದು ನನಗೆ ಜಾಸ್ತಿ ನೋವು ತಂದಿದೆ. ಪರದೇಶದಿಂದ ಬಂದು ನಿಮ್ಮಲ್ಲಿ ಇರುವವನನ್ನೂ ನಿನ್ನಂತೆಯೇ ಪ್ರೀತಿಸು ಎನ್ನುತ್ತದೆ ಯಾಜಕಕಾಂಡದ ಅದೇ 19ನೇ ಅಧ್ಯಾಯದ 34ನೇ ವಚನ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದ ರಾತ್ರಿ ನೆನಪಿದೆಯಲ್ವಾ? ನೀರಿಗೆ ಬಿದ್ದ ತಮಿಳುನಾಡಿನ ಲಾರಿ ಚಾಲಕನನ್ನು ಕಾಪಾಡಿದವರಲ್ಲಿ ನಮ್ಮ ಮೀನುಗಾರರೂ ಇದ್ದರು.

ದಯವಿಟ್ಟು ಆ ತುಣುಕನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.