ಡಿವಿಡೆಂಡ್ ಮೆಸೇಜು ಬಂದ ದಿನ ನಾನು ತೆರೆಯುವ ಪುಟ

ಕೆಲವು ವರ್ಷಗಳ ಹಿಂದೆ ಒಂದು ಗಣಿ ಕಂಪನಿಯ ಷೇರು ಕೊಂಡಿದ್ದೆ. ಹೆಸರು ಬೇಡ. ಕೊಂಡಿದ್ದಕ್ಕೆ ಕಾರಣ ಒಂದೇ, ಡಿವಿಡೆಂಡ್, ಅಂದರೆ ಕಂಪನಿ ಷೇರುದಾರರಿಗೆ ಹಂಚುವ ದುಡ್ಡು. ಬ್ಯಾಂಕಿನ ಬಡ್ಡಿಗಿಂತ ಜಾಸ್ತಿ ಸಿಗುತ್ತದೆ, ಷೇರಿನ ಬೆಲೆ ಏರಲಿ ಬಿಡಲಿ ಕೈಗೆ ದುಡ್ಡು ಬರುತ್ತದಲ್ಲ ಅನ್ನುವ ಲೆಕ್ಕ. ಮೂರು ಸಲ ಬಂತು. ಖಾತೆಗೆ ಹಣ ಜಮಾ ಆಗಿದೆ ಅನ್ನುವ ಮೆಸೇಜು ನೋಡಿದಾಗ ಆಗುತ್ತಿದ್ದ ಸಮಾಧಾನ ಈಗಲೂ ನೆನಪಿದೆ. ನಾಲ್ಕನೇ ಸಲ ಮೆಸೇಜು ಬರಲಿಲ್ಲ. ಹೊಸ ಗಣಿಯ ಖರ್ಚು ಅಂದಾಜು ಮೀರಿದೆ, ಅದಿರಿನ ಬೆಲೆ ಇಳಿದಿದೆ, ಹಾಗಾಗಿ ಈ ವರ್ಷ ಡಿವಿಡೆಂಡ್ ಇಲ್ಲ ಅಂತ ಎರಡು ಸಾಲಿನ ಪ್ರಕಟಣೆ ಬಂತು. ಒಂದೇ ವಾರದಲ್ಲಿ ಷೇರಿನ ಬೆಲೆಯ ಮೂರನೇ ಒಂದು ಭಾಗ ಕರಗಿಹೋಯಿತು.

ತುಂಬಾ ಸಿಟ್ಟು ಬಂತು. ನಮ್ಮ ದುಡ್ಡನ್ನೆಲ್ಲ ಗುಂಡಿಗೆ ಸುರಿದುಬಿಟ್ಟರು ಅಂತಲೇ ಅಂದುಕೊಂಡೆ. ಆಮೇಲೆ ಒಂದು ಭಾನುವಾರ ಕೂತು ಆ ಕಂಪನಿಯ ಹಿಂದಿನ ಮೂರು ವರ್ಷದ ವಾರ್ಷಿಕ ವರದಿ ತೆಗೆದೆ. ಡಿವಿಡೆಂಡ್ ಬಂದ ಆ ಮೂರು ವರ್ಷದಲ್ಲೇ ನನಗೆ ಪೆಟ್ಟು ಬಿದ್ದಾಗಿತ್ತು. ನಾನು ಆ ಪುಟ ತೆರೆದಿರಲಿಲ್ಲ, ಅಷ್ಟೇ.

ಯಾವ ಪುಟ ಅಂದರೆ, ಕ್ಯಾಶ್ ಫ್ಲೋ ಪುಟ. ಲಾಭ ನಷ್ಟದ ಪುಟ ಅಲ್ಲ, ಅಧ್ಯಕ್ಷರ ಪತ್ರವೂ ಅಲ್ಲ. ಅದರಲ್ಲಿ ಮೂರು ಸಾಲು ಹುಡುಕಿ. ವ್ಯವಹಾರದಿಂದ ಎಷ್ಟು ನಗದು ಬಂತು, ಗಣಿಗೂ ಯಂತ್ರಗಳಿಗೂ ಎಷ್ಟು ನಗದು ಹೋಯಿತು, ಷೇರುದಾರರಿಗೆ ಎಷ್ಟು ಕೊಟ್ಟರು. ನನ್ನ ಕಂಪನಿಯಲ್ಲಿ ಸುಮಾರಾಗಿ ಹೇಳುವುದಾದರೆ ನೂರು ಬಂದಿತ್ತು, ಎಪ್ಪತ್ತು ಗಣಿಗೆ ಹೋಗಿತ್ತು, ನಮಗೆ ಐವತ್ತು ಹಂಚಿದ್ದರು. ಎಪ್ಪತ್ತಕ್ಕೆ ಐವತ್ತು ಸೇರಿಸಿದರೆ ನೂರಿಪ್ಪತ್ತು. ಬಾಕಿ ಇಪ್ಪತ್ತು ಎಲ್ಲಿಂದ ಬಂತು? ಅದೇ ಪುಟದಲ್ಲಿ ಕೆಳಗಿತ್ತು, ಹೊಸ ಸಾಲ. ಮೂರು ವರ್ಷವೂ ಇದೇ ಕಥೆ. ನನ್ನ ಖಾತೆಗೆ ಬಂದ ದುಡ್ಡಿನಲ್ಲಿ ಒಂದಷ್ಟು ನನ್ನದೇ ಕಂಪನಿ ನನ್ನ ಹೆಸರಲ್ಲಿ ಮಾಡಿದ ಸಾಲ ಆಗಿತ್ತು. ಅದಕ್ಕೆ ನಾನು ಖುಷಿಪಟ್ಟಿದ್ದೆ.

ಗಣಿ ಕಂಪನಿಯನ್ನು ಬೇರೆ ಕಂಪನಿಗಳ ಹಾಗೆ ನೋಡಬಾರದು ಅನ್ನುವುದು ನನಗೆ ಆಗ ಅರ್ಥವಾಯಿತು. ಸಾಬೂನು ಮಾಡುವ ಕಾರ್ಖಾನೆ ನಾಳೆಯೂ ಅಲ್ಲೇ ಇರುತ್ತದೆ. ಗಣಿ ಹಾಗಲ್ಲ. ಇವತ್ತು ಮಾರಿದ ಟನ್ ಅದಿರು ನಾಳೆ ಅಲ್ಲಿ ಇರುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಗಣಿ ಅಂದರೆ ಆ ಕುಡಿಕೆಯೇ. ಹಾಗಾಗಿ ನಮಗೆ ಬರುವ ಡಿವಿಡೆಂಡಿನಲ್ಲಿ ಒಂದು ಭಾಗ ಲಾಭ, ಇನ್ನೊಂದು ಭಾಗ ನಮ್ಮದೇ ಅಸಲು ವಾಪಸ್ಸು ಬರುತ್ತಿರುವುದು. ಇದನ್ನು ಮರೆತು ಬರೀ ಯೀಲ್ಡ್, ಅಂದರೆ ಷೇರಿನ ಬೆಲೆಗೆ ಡಿವಿಡೆಂಡ್ ಎಷ್ಟು ಪರ್ಸೆಂಟ್ ಅಂತ ನೋಡಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ವಿಷಯ. ಒಳ್ಳೆ ಅದಿರನ್ನು ಮೊದಲು ತೆಗೆಯುತ್ತಾರೆ, ಬಡವಾದ ಅದಿರು ಆಮೇಲೆ. ಚಿಲಿ ದೇಶದ ಎಸ್ಕೊಂಡಿಡಾ ಪ್ರಪಂಚದಲ್ಲೇ ಅತಿ ಹೆಚ್ಚು ತಾಮ್ರ ಕೊಡುವ ಗಣಿ, ಅಲ್ಲೂ ಅದಿರಿನಲ್ಲಿ ತಾಮ್ರದ ಅಂಶ ವರ್ಷಗಳಿಂದ ಇಳಿಯುತ್ತಾ ಬಂದಿದೆ. ನೂರು ಕಿಲೋ ಕಲ್ಲಿನಲ್ಲಿ ಒಂದು ಕಿಲೋ ತಾಮ್ರ ಇದ್ದದ್ದು ಅರ್ಧ ಕಿಲೋಗೆ ಇಳಿಯಿತು ಅಂದುಕೊಳ್ಳಿ. ಅಷ್ಟೇ ತಾಮ್ರಕ್ಕೆ ಎರಡು ಪಟ್ಟು ಕಲ್ಲು ಒಡೆಯಬೇಕು, ಎರಡು ಪಟ್ಟು ಸಾಗಿಸಬೇಕು, ಎರಡು ಪಟ್ಟು ಪುಡಿ ಮಾಡಬೇಕು. ತೆರೆದ ಗಣಿಯಲ್ಲಿ ಅದಿರು ಸಿಗುವ ಮೊದಲು ಮೇಲಿನ ಬರಡು ಕಲ್ಲನ್ನು ತಿಂಗಳುಗಟ್ಟಲೆ ಸುಮ್ನೆ ತೆಗೆದು ಸುರಿಯುತ್ತಿರಬೇಕು. 300 ಟನ್ನಿಗೂ ಜಾಸ್ತಿ ಹೊರುವ ಲಾರಿಗಳು, ಅವುಗಳ ಒಂದೊಂದು ಟೈರೇ ಸುಮಾರು 4 ಮೀಟರ್ ಎತ್ತರ, ಹಗಲು ರಾತ್ರಿ ಓಡಾಡುತ್ತವೆ. ಆ ಹೊತ್ತಿನಲ್ಲಿ ಒಂದು ಗ್ರಾಂ ತಾಮ್ರವೂ ಬರುವುದಿಲ್ಲ, ಖರ್ಚು ಮಾತ್ರ ಆಗುತ್ತಿರುತ್ತದೆ. ಈ ಖರ್ಚು ಬೆಳೆಯುವುದಕ್ಕಲ್ಲ, ಇದ್ದಲ್ಲೇ ಇರುವುದಕ್ಕೆ.

ಹೀಗಾಗಿ ಗಣಿಗೂ ಯಂತ್ರಗಳಿಗೂ ಹಾಕುವ ಈ ಖರ್ಚು, ಅದೇ ಕ್ಯಾಪೆಕ್ಸ್, ಅಂದ ಕೂಡಲೇ ಮುಖ ಸಿಂಡರಿಸಬೇಡಿ. ಅದರಲ್ಲಿ ಎರಡು ಜಾತಿ ಇದೆ. ಇರುವ ಗಣಿಯನ್ನು ಉಳಿಸಿಕೊಳ್ಳುವ ಖರ್ಚು, ಹೊಸದನ್ನು ಕಟ್ಟುವ ಖರ್ಚು. ದೊಡ್ಡ ಕಂಪನಿಗಳು ವರದಿಯಲ್ಲಿ ಇವೆರಡನ್ನೂ ಬೇರೆ ಮಾಡಿ ತೋರಿಸುತ್ತವೆ. ಮೊದಲನೆಯದನ್ನು ಕಡಿಮೆ ಮಾಡಿ ಡಿವಿಡೆಂಡ್ ಜಾಸ್ತಿ ಕೊಟ್ಟರೆ ನನಗೆ ಅಂಥ ಡಿವಿಡೆಂಡ್ ಬೇಡ. ಅದರಲ್ಲೂ ಗಣಿ ಕೆಸರು ನಿಲ್ಲಿಸುವ ಅಣೆಕಟ್ಟುಗಳ ವಿಷಯ ಬಂದಾಗ ನಾನು ಒಂದು ಪೈಸೆ ಉಳಿತಾಯಕ್ಕೂ ಒಪ್ಪುವುದಿಲ್ಲ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ವಾಲೆ ಕಂಪನಿಯ ಅಣೆಕಟ್ಟು ಒಡೆದು 270 ಜನ ಸತ್ತರು. ಬಹಳ ಜನ ಅಲ್ಲೇ ಕೆಲಸ ಮಾಡುತ್ತಿದ್ದವರು, ಊಟದ ಹೊತ್ತು ಅದು. ಆಮೇಲೆ ಕಂಪನಿ ಡಿವಿಡೆಂಡನ್ನೂ ನಿಲ್ಲಿಸಿತು. ಆದರೆ ಆ ಸುದ್ದಿಯ ಮುಂದೆ ಡಿವಿಡೆಂಡಿನ ಮಾತಾಡಲು ನನಗೆ ನಾಲಿಗೆಯೇ ಬರುವುದಿಲ್ಲ.

ಈಗ ಎರಡನೇ ಜಾತಿಯ ಖರ್ಚಿಗೆ ಬರುತ್ತೇನೆ. ಇಲ್ಲಿ ನನ್ನ ಸಂಶಯ ಜಾಸ್ತಿ. ಗಣಿ ಕಂಪನಿಗಳಿಗೆ ಒಂದು ಹಳೆ ಚಾಳಿ ಇದೆ. ಅದಿರಿನ ಬೆಲೆ ಆಕಾಶದಲ್ಲಿದ್ದಾಗ ಕೈ ತುಂಬಾ ದುಡ್ಡಿರುತ್ತದೆ, ಆಗಲೇ ಎಲ್ಲರೂ ಕಟ್ಟುವುದಕ್ಕೂ ಕೊಳ್ಳುವುದಕ್ಕೂ ಹೊರಡುತ್ತಾರೆ. ಎಲ್ಲರೂ ಒಟ್ಟಿಗೆ ಹೊರಟರೆ ಉಕ್ಕು, ಯಂತ್ರ, ಎಂಜಿನಿಯರು ಎಲ್ಲವೂ ದುಬಾರಿ. ಕಟ್ಟಿ ಮುಗಿಸುವ ಹೊತ್ತಿಗೆ ಅದಿರು ಜಾಸ್ತಿಯಾಗಿ ಬೆಲೆ ಬಿದ್ದಿರುತ್ತದೆ.

ರಿಯೊ ಟಿಂಟೊ ಕಂಪನಿಯನ್ನೇ ನೋಡಿ. 2007ರಲ್ಲಿ ಮಾರುಕಟ್ಟೆ ಏರಿದ್ದಾಗ ಸುಮಾರು 3,800 ಕೋಟಿ ಡಾಲರ್ ಕೊಟ್ಟು ಆಲ್ಕನ್ ಅನ್ನುವ ಅಲ್ಯೂಮಿನಿಯಂ ಕಂಪನಿ ಕೊಂಡಿತು. 2011ರಲ್ಲಿ ಮೊಜಾಂಬಿಕ್‌ನ ಕಲ್ಲಿದ್ದಲಿಗಾಗಿ ಹತ್ತಿರ ಹತ್ತಿರ 400 ಕೋಟಿ ಡಾಲರ್ ಕೊಟ್ಟು ರಿವರ್ಸ್‌ಡೇಲ್ ಕೊಂಡಿತು. ಕಲ್ಲಿದ್ದಲನ್ನು ಜಾಂಬೆಜಿ ನದಿಯ ಮೇಲೆ ದೋಣಿಯಲ್ಲಿ ಸಾಗಿಸಬಹುದು ಅನ್ನುವ ಲೆಕ್ಕ, ಅದಕ್ಕೆ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. 2013ರ ಜನವರಿಯಲ್ಲಿ ಈ ಎರಡೂ ಸೇರಿ ಸುಮಾರು 1,400 ಕೋಟಿ ಡಾಲರ್ ಮೌಲ್ಯವನ್ನು ಲೆಕ್ಕದ ಪುಸ್ತಕದಲ್ಲಿ ಕಳೆದು ಬರೆದರು, ಮುಖ್ಯಸ್ಥ ಟಾಮ್ ಅಲ್ಬನೀಸ್ ಹೊರಗೆ ಹೋದರು. ಮೊಜಾಂಬಿಕ್‌ನ ಆಸ್ತಿಯನ್ನು 2014ರಲ್ಲಿ ಮಾರಿದ್ದು ಬರೀ 5 ಕೋಟಿ ಡಾಲರಿಗೆ. 400 ಕೋಟಿ ಎಲ್ಲಿ, 5 ಕೋಟಿ ಎಲ್ಲಿ. ಆ ದುಡ್ಡು ಷೇರುದಾರರ ಕೈಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅನ್ನಿಸುವುದಿಲ್ವಾ? ದುಡ್ಡು ಮ್ಯಾನೇಜರುಗಳ ಕೈಯಲ್ಲಿ ಉಳಿದರೆ ಕೈ ಕಡಿಯುತ್ತದೆ, ಅದಕ್ಕೇ ಡಿವಿಡೆಂಡ್ ಕೇಳಿ ಕಸಿದುಕೊಳ್ಳಬೇಕು ಅನ್ನುವವರ ಮಾತಿನಲ್ಲಿ ಹುರುಳಿದೆ. ನಾನೂ ಅರ್ಧ ಆ ಕಡೆಯೇ.

ಆದರೆ ಪೂರ್ತಿ ಆ ಕಡೆ ಅಲ್ಲ. ಯಾಕೆಂದರೆ ಡಿವಿಡೆಂಡನ್ನೂ ಕೆಟ್ಟದಾಗಿ ಕೊಡಬಹುದು. ಆಸ್ಟ್ರೇಲಿಯಾದ ಗಣಿ ಕಂಪನಿ ಬಿಎಚ್‌ಪಿ, ರಿಯೊ ಎರಡೂ ಬಹಳ ವರ್ಷ ಒಂದು ಮಾತು ಕೊಟ್ಟಿದ್ದವು, ಡಿವಿಡೆಂಡ್ ಇಳಿಸುವುದಿಲ್ಲ, ಇದ್ದಷ್ಟು ಇಡುತ್ತೇವೆ ಇಲ್ಲ ಏರಿಸುತ್ತೇವೆ ಅಂತ. ಕೇಳಲು ಚೆಂದ. ಆದರೆ ಮಾರುವ ಅದಿರಿನ ಬೆಲೆ ನಿಮ್ಮ ಕೈಯಲ್ಲಿ ಇಲ್ಲದಿರುವಾಗ ಅಂಥ ಮಾತು ಹೇಗೆ ಕೊಡುತ್ತೀರಿ? 2015ರ ಕೊನೆಗೆ ಕಬ್ಬಿಣದ ಅದಿರು ಟನ್ನಿಗೆ 40 ಡಾಲರಿಗಿಂತ ಕೆಳಗೆ ಹೋಯಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಗ್ಲೆನ್‌ಕೋರ್, ಡಿಸೆಂಬರಿನಲ್ಲಿ ಆಂಗ್ಲೊ ಅಮೆರಿಕನ್ ಅನ್ನುವ ಗಣಿ ಕಂಪನಿಗಳು ಡಿವಿಡೆಂಡ್ ನಿಲ್ಲಿಸಿದವು. 2016ರ ಫೆಬ್ರವರಿಯಲ್ಲಿ ಬಿಎಚ್‌ಪಿ ಮಧ್ಯಂತರ ಡಿವಿಡೆಂಡನ್ನು 62 ಸೆಂಟ್‌ನಿಂದ 16 ಸೆಂಟ್‌ಗೆ ಇಳಿಸಿತು. ರಿಯೊ ಕೂಡ ಆ ಮಾತು ಕೈಬಿಟ್ಟಿತು. ಹಿಂದಿನ ವರ್ಷದ ಡಿವಿಡೆಂಡ್ ನೋಡಿ, ಯೀಲ್ಡ್ ಇಷ್ಟು ಚೆನ್ನಾಗಿದೆಯಲ್ಲ ಅಂತ ಕೊಂಡ ಸಣ್ಣ ಹೂಡಿಕೆದಾರರೇ ಆಗ ಸಿಕ್ಕಿಬಿದ್ದರು. ಯೀಲ್ಡ್ ಜಾಸ್ತಿ ಕಂಡಿದ್ದು ಷೇರಿನ ಬೆಲೆ ಬಿದ್ದಿದ್ದರಿಂದ. ನಾನು ಮಾಡಿದ್ದೂ ಅದೇ ತಪ್ಪು.

ಈಗ ಬಿಎಚ್‌ಪಿ ಲಾಭದಲ್ಲಿ ಕನಿಷ್ಠ ಅರ್ಧ ಹಂಚುವುದು ಅಂತ ಲೆಕ್ಕ ಇಟ್ಟಿದೆ. 2022ರಲ್ಲಿ ಷೇರಿಗೆ 3.25 ಡಾಲರ್ ಕೊಟ್ಟರು, 2025ರಲ್ಲಿ 1.10 ಡಾಲರ್. ಇಳಿದಿದೆ ಅಂತ ಬೈಯುವವರು ಬಹಳ ಜನ. ನನಗೆ ಈ ಪದ್ಧತಿಯೇ ಇಷ್ಟ. ಬಂದಾಗ ಕೊಡಿ, ಬಾರದಿದ್ದಾಗ ಕೊಡಬೇಡಿ, ನಮಗಾಗಿ ಸಾಲ ಮಾತ್ರ ಮಾಡಬೇಡಿ. ಹಾಗಂತ ಮನೆಖರ್ಚಿಗೆ ಈ ಡಿವಿಡೆಂಡನ್ನೇ ನಂಬಿಕೊಂಡವರಿಗೆ ಗಣಿ ಷೇರು ಬೇಡವೇ ಬೇಡ, ಇದನ್ನು ಕಾಳಜಿಯಿಂದಲೇ ಹೇಳುತ್ತಿದ್ದೇನೆ. ತಿಂಗಳ ಖರ್ಚು ಅದಿರಿನ ಬೆಲೆ ಇಳಿಯಿತು ಅಂತ ಇಳಿಯುವುದಿಲ್ಲ.

ಖರ್ಚಿನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಎಲ್ಲ ಕಂಪನಿಗಳೂ ಇರುವುದನ್ನೆಲ್ಲ ಹಂಚಿಬಿಟ್ಟರೆ ನಾಳಿನ ತಾಮ್ರ ಎಲ್ಲಿಂದ ಬರಬೇಕು? ಅದಿರು ಪತ್ತೆಯಾದ ದಿನದಿಂದ ಗಣಿ ಶುರುವಾಗುವವರೆಗೆ ಹತ್ತು ಹದಿನೈದು ವರ್ಷ ಹಿಡಿಯುವುದು ಮಾಮೂಲು. ಇವತ್ತು ಖರ್ಚು ಮಾಡದ ಕಂಪನಿಯ ಷೇರು ಹತ್ತು ವರ್ಷ ಆದ ಮೇಲೆ ಖಾಲಿ ಗುಂಡಿಯ ಪಾಲು ಅಷ್ಟೇ. ಆದರೆ ಖರ್ಚು ಹೇಳಿದಷ್ಟಕ್ಕೆ ನಿಲ್ಲುವುದಿಲ್ಲ. ಕೆನಡಾದ ಜಾನ್ಸೆನ್ ಅನ್ನುವಲ್ಲಿ ಪೊಟ್ಯಾಶ್ ಅನ್ನುವ ಗೊಬ್ಬರದ ಖನಿಜ ತೆಗೆಯುವ ಗಣಿಯ ಮೊದಲ ಹಂತಕ್ಕೆ ಬಿಎಚ್‌ಪಿ 2021ರಲ್ಲಿ ಒಪ್ಪಿದ್ದು 570 ಕೋಟಿ ಡಾಲರ್. 2025ರ ಜುಲೈ ಹೊತ್ತಿಗೆ ಅಂದಾಜು 700ರಿಂದ 740 ಕೋಟಿ ಆಯಿತು, ಮೊದಲ ಉತ್ಪಾದನೆಯೂ ಮುಂದೆ ಹೋಯಿತು. ಟೆಕ್ ರಿಸೋರ್ಸಸ್ ಅನ್ನುವ ಗಣಿ ಕಂಪನಿಯ ಚಿಲಿಯ ಕ್ವೆಬ್ರಾಡಾ ಬ್ಲಾಂಕಾ ತಾಮ್ರದ ಯೋಜನೆ ಶುರುವಾದಾಗ 470 ಕೋಟಿ ಡಾಲರ್, ಕೊನೆಗೆ 860 ಕೋಟಿಗೂ ಮೇಲೆ. ಹಾಗಾಗಿ ಕಂಪನಿ ಹೇಳಿದ ಮೊತ್ತಕ್ಕೆ ನಾನು ಮನಸ್ಸಿನಲ್ಲೇ ಅರ್ಧ ಸೇರಿಸುತ್ತೇನೆ. ಸೇರಿಸಿದ ಮೇಲೂ ಕಂಪನಿ ತನ್ನ ದುಡಿಮೆಯ ನಗದಿನಲ್ಲೇ ಕಟ್ಟಬಲ್ಲದು ಅನಿಸಿದರೆ ಸರಿ, ಡಿವಿಡೆಂಡ್ ಕಡಿಮೆಯಾದರೂ ಕಾಯುತ್ತೇನೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಕಂಪನಿಗೆ ನನ್ನ ತಾಳ್ಮೆ ದೊಡ್ಡದು.

ಒಂದೇ ಗಣಿ, ಅದೂ ಇನ್ನೂ ಕಟ್ಟಿಲ್ಲದ್ದು, ದುಡಿಮೆ ಇಲ್ಲ, ಬರೀ ಖರ್ಚು ಅನ್ನುವ ಕಂಪನಿಗಳ ವಿಷಯ ಬೇರೆ. ಇಂಗ್ಲೆಂಡಿನ ಸಿರಿಯಸ್ ಮಿನರಲ್ಸ್ ನೆನಪಾದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಉತ್ತರ ಯಾರ್ಕ್‌ಷೈರಿನ ನೆಲದಡಿ ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ ಗೊಬ್ಬರದ ಖನಿಜ, ಅದನ್ನು ಹೊರತರಲು 37 ಕಿಲೋಮೀಟರ್ ಸುರಂಗ. ಸುಮಾರು 85,000 ಸಣ್ಣ ಹೂಡಿಕೆದಾರರು ಷೇರು ಕೊಂಡಿದ್ದರು, ಅದರಲ್ಲಿ ಅದೇ ಸೀಮೆಯ ಜನ ಬಹಳ. ಖನಿಜ ಇತ್ತು, ಅದರಲ್ಲಿ ಸುಳ್ಳಿರಲಿಲ್ಲ. ಇಲ್ಲದ್ದು ದುಡ್ಡು. 2019ರ ಸೆಪ್ಟೆಂಬರಿನಲ್ಲಿ ಸಾಲ ಎತ್ತಲು ಹೊರಟಿದ್ದ 50 ಕೋಟಿ ಡಾಲರಿನ ಬಾಂಡ್ ಮಾರಾಟ ಕೈಬಿಡಬೇಕಾಯಿತು, 2020ರಲ್ಲಿ ಆಂಗ್ಲೊ ಅಮೆರಿಕನ್ ಷೇರಿಗೆ 5.5 ಪೆನ್ಸ್ ಕೊಟ್ಟು ಪೂರ್ತಿ ಕಂಪನಿಯನ್ನೇ ಕೊಂಡಿತು. ಕೆಲವು ವರ್ಷ ಮೊದಲು ಅದೇ ಷೇರು 40 ಪೆನ್ಸ್ ದಾಟಿತ್ತು. ಕೊಂಡ ಆಂಗ್ಲೊ ಕೂಡ 2024ರಲ್ಲಿ ಅಲ್ಲಿನ ಕೆಲಸ ನಿಧಾನ ಮಾಡಿತು. ಗಣಿ ಇನ್ನೂ ಗಣಿಯಾಗಿಲ್ಲ, ಆ ಜನರ ಉಳಿತಾಯ ಮಾತ್ರ ಹೋಯಿತು. ನೆಲದಡಿ ಏನಿದೆ ಅನ್ನುವುದರಷ್ಟೇ ಮುಖ್ಯ, ಅದನ್ನು ಹೊರಗೆ ತೆಗೆಯುವವರೆಗೆ ಯಾರ ದುಡ್ಡು, ಎಷ್ಟು ದಿನ ಬರುತ್ತದೆ ಅನ್ನುವುದು.

ಇನ್ನು ನನ್ನ ಆ ಹಳೆ ಷೇರು. ಸಿಟ್ಟಿನಲ್ಲಿ ಅರ್ಧ ಮಾರಿದ್ದೆ, ಅರ್ಧ ಹಾಗೇ ಉಳಿದಿತ್ತು. ಹೊಸ ಗಣಿ ಶುರುವಾಗಿದೆ. ಡಿವಿಡೆಂಡ್ ಮತ್ತೆ ಬರುತ್ತಿದೆ, ಮೊದಲಿನ ಅರ್ಧದಷ್ಟೂ ಇಲ್ಲ. ಹೋದ ಸಲ ಮೆಸೇಜು ಬಂದ ದಿನವೇ ಆ ಪುಟ ತೆರೆದು ಪೆನ್ಸಿಲ್ ಹಿಡಿದು ಕೂತೆ. ನೂರು ಬಂದಿದೆ, ಐವತ್ತೈದು ಗಣಿಗೆ ಹೋಗಿದೆ, ಇಪ್ಪತ್ತೈದು ನಮಗೆ, ಉಳಿದ ಇಪ್ಪತ್ತು ಹಳೆ ಸಾಲ ತೀರಿಸಲು. ಉಳಿದ ಅರ್ಧ ಷೇರು ಮಾರಿಲ್ಲ.